ಎಡಗಡೆಯ ಕಿಟಕಿ

ತಾಷ್ಕೆಂಟಿನಿಂದ ಸಿಯೋಲ್‌ಗೆ
ನಾಲ್ಕು ಸಾವಿರದ ಒಂಬೈನೂರು ಕಿಲೋಮೀಟರು, ಹೆಚ್ಚೂಕಡಿಮೆ.
ಕುಯ್ಲುಕ್ ಬಜಾರಿನ ಬೆನ್ನಿಗಿರುವ ಈ ಒಂದು ಮೇಜಿನ ಅಂಗಡಿಯಲ್ಲಿ
ಗಾಜಿನ ಕಿಂಡಿಗೆ ಬಾಯಿ ಹಚ್ಚಿ
ದಿನಕ್ಕೆ ಇಪ್ಪತ್ತು ಸಲವಾದರೂ ಹೇಳುತ್ತೇನೆ:
ಹೋಗುವಾಗ ಆರೂವರೆ ಗಂಟೆ,
ಬರುವಾಗ ಏಳೂವರೆ.
ಗಡಿಯಾರ ನಾಲ್ಕು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ.
ಇಪ್ಪತ್ಮೂರು ಕಿಲೋ ಸಾಮಾನು,
ಉಪ್ಪಿನಕಾಯಿ ಡಬ್ಬ ಸೋರದ ಹಾಗೆ ಕಟ್ಟಿ.

ಬರುವವರು ಹೆಚ್ಚಾಗಿ ಹುಡುಗರು,
ಆನ್ಸಾನಿನ ಕಾರ್ಖಾನೆಗಳಿಗೆ ಹೊರಟವರು.
ದೂರ ಅವರಿಗೆ ಬೇಕಿಲ್ಲ.
ದರ ಹೇಳಿದರೆ ಸಾಕು.

ಮಂಗಳವಾರ ಬಂದವರು ಗೆರಾಸಿಮ್ ಖೆಗಾಯ್,
ಮೂರನೇ ಸಾಲಿನಲ್ಲಿ ಕ್ಯಾರೆಟ್ ತುರಿದು ಮಾರುವವರು.
ಕೈಗೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ವಾಸನೆ,
ತೊಳೆದರೂ ಹೋಗದ ಉಗುರಸಂದಿಯ ಕೇಸರಿ.
ಎಪ್ಪತ್ತೆಂಟಕ್ಕೆ ಮೊದಲ ವಿಮಾನ.
ಮೊಮ್ಮಗಳ ಮದುವೆಯಂತೆ ಅಲ್ಲಿ.

"ಎಷ್ಟು ದೂರ?" ಅಂದರು.
ಹೇಳಿದೆ.
"ಎಷ್ಟು ಹೊತ್ತು?"
ಹೇಳಿದೆ.
ಬೆರಳು ಮಡಿಸಿದರು, ಬಿಚ್ಚಿದರು,
ಲೆಕ್ಕ ತಾಳೆಯಾಗದವರ ಹಾಗೆ
ಮತ್ತೆ ಮಡಿಸಿದರು.

"ನಮ್ಮಮ್ಮನಿಗೆ ಮೂವತ್ತನಾಲ್ಕು ದಿನ ಹಿಡಿಯಿತು,"
ಅಂದರು, ರೈಲು ತಡವಾಯಿತೆಂದು ದೂರು ಬರೆಸುವವರ ದನಿಯಲ್ಲಿ.
"ಮೂವತ್ತೇಳನೇ ಇಸವಿ. ಸಮುದ್ರದ ದಂಡೆಯಿಂದ ಇಲ್ಲಿಗೆ.
ದನ ಸಾಗಿಸುವ ಡಬ್ಬಿ, ಹಲಗೆ ಸಂದಿಯಲ್ಲಿ ಹಿಮ.
ಲಂಗದಂಚಿಗೆ ಹೊಲಿದುಕೊಂಡ ಭತ್ತದ ಬೀಜ, ಎರಡು ಹಿಡಿ.
ತೊಡೆಯ ಮೇಲೆ ನನ್ನ ಅಕ್ಕ.
ಇಳಿದಾಗ
ಬೀಜ ಇತ್ತು."

ನಾನು ಕೀಲಿಮಣೆ ನೋಡುತ್ತ ಕೂತೆ.
ನಮ್ಮಜ್ಜಿ ಹೇಳುತ್ತಿದ್ದಳು:
ಆ ವರ್ಷದ ಚಳಿಗೆ ಚಿರ್ಚಿಕ್ ನದಿಯ ಜೊಂಡಿನಿಂದ ಹೊಗೆ ಎದ್ದಿತು,
ನೆಲದಲ್ಲಿ ಗುಳಿ ತೋಡಿ ಯಾರೋ ಒಲೆ ಹೂಡಿದ್ದರು,
ಅವಳು ಬಿಸಿರೊಟ್ಟಿ ಒಯ್ದಳು, ಭಾಷೆ ಒಯ್ಯಲಾಗಲಿಲ್ಲ.
ಹೇಳಲೇ ಅಂದುಕೊಂಡೆ.
ಬೇಡ. ಕೊಟ್ಟ ರೊಟ್ಟಿಯನ್ನು
ಮೊಮ್ಮಗಳು ರಸೀದಿಯಂತೆ ತೋರಿಸಬಾರದು.

"ವಿಮಾನ ಯಾವ ದಾರಿ?"
ಪರದೆ ಅವರತ್ತ ತಿರುಗಿಸಿದೆ.
ಬಿಲ್ಲು ಬಾಗಿದಂತೆ ಒಂದು ಗೆರೆ,
ಅಲ್ಮಾಟಿಯ ನೆತ್ತಿ, ಆಮೇಲೆ ಮರಳು, ಚೀನಾ, ಹಳದಿ ಸಮುದ್ರ.
ಕೇಸರಿ ಉಗುರು ಗೆರೆಯನ್ನು ಬಿಟ್ಟು
ಬಡಗಣಕ್ಕೆ ಎರಡಂಗುಲ ಸರಿದು ನಿಂತಿತು.
"ಉಷ್ತೊಬೆಗೆ ಒಂದು ರಾತ್ರಿ ಮುಂಚೆ, ಇಲ್ಲೆಲ್ಲೋ.
ನಿಲ್ದಾಣಕ್ಕೆ ಹೆಸರಿರಲಿಲ್ಲ. ನೀರಿನ ಟ್ಯಾಂಕು ಇತ್ತಂತೆ.
ರೈಲು ಹತ್ತು ನಿಮಿಷ ನಿಂತಿತು.
ಹತ್ತು ನಿಮಿಷದಲ್ಲಿ
ಹೆಪ್ಪುಗಟ್ಟಿದ ನೆಲ ಎಷ್ಟು ಅಗೆಯಬಹುದು, ನೀನೇ ಹೇಳು ಮಗಳೇ."

ನನ್ನ ಯಂತ್ರಕ್ಕೆ ಎಲ್ಲ ಗೊತ್ತು,
ಎತ್ತರ, ವೇಗ, ಊಟಕ್ಕೆ ಕೋಳಿಯೋ ಮೀನೋ.
ಇದನ್ನು ತುಂಬಲು ಕಾಲಂ ಇಲ್ಲ.

"ಎಡಗಡೆಯ ಕಿಟಕಿ ಕೊಡು."
"ರಾತ್ರಿಯ ವಿಮಾನ, ಅಜ್ಜ. ಏನೂ ಕಾಣುವುದಿಲ್ಲ.
ಮೇಲಾಗಿ ಆ ಜಾಗ ಇನ್ನೂರು ಕಿಲೋಮೀಟರು ಆಚೆ."
"ಗೊತ್ತು.
ಎಡಗಡೆಯೇ ಕೊಡು."

ಕೊಟ್ಟೆ. ಮೂವತ್ತೊಂದು ಎ, ರೆಕ್ಕೆಯ ಹಿಂದೆ.

ಎಂಜಲು ಹಚ್ಚಿ ನೋಟು ಎಣಿಸುತ್ತ ಕೇಳಿದರು,
"ದೂರ ಅಷ್ಟೇ ತಾನೇ?
ಬರುವಾಗ ಒಂದು ಗಂಟೆ ಜಾಸ್ತಿ ಯಾಕೆ?"
"ಪಡುವಣಕ್ಕೆ ಬರುವಾಗ ಗಾಳಿ ಎದುರು, ಅಜ್ಜ."
ಎಣಿಕೆ ನಿಂತಿತು.
ಬಹಳ ವರ್ಷದ ಮೇಲೆ ಸಾಕ್ಷಿಯೊಂದು ಸಿಕ್ಕವರಂತೆ
ತಲೆಯಾಡಿಸಿದರು.
"ಅಮ್ಮನೂ ಹಾಗೇ ಅನ್ನುತ್ತಿದ್ದಳು."

ಟಿಕೆಟ್ಟನ್ನು ಕ್ಯಾರೆಟ್ ಪೊಟ್ಟಣದಷ್ಟೇ ಜೋಪಾನವಾಗಿ
ನಾಲ್ಕು ಮಡಿಕೆ ಮಡಿಸಿ ಟೊಪ್ಪಿಗೆಯೊಳಗಿಟ್ಟು ಹೋದರು.
ಕಿಂಡಿಯ ಗಾಜಿನಲ್ಲಿ ಬೆಳ್ಳುಳ್ಳಿ ಉಳಿಯಿತು.

ಹಿಂದೆ ನಿಂತಿದ್ದ ಹುಡುಗ ಬಗ್ಗಿದ:
"ಅಕ್ಕಾ, ಸಿಯೋಲ್ ಎಷ್ಟು?"
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಕೇಳಿದೆ ನಾನು,
"ದೂರವೋ, ದರವೋ?"